ಹಾಲುಹಲ್ಲಿಗೆ ಹಾಲಿನ ಪುಡಿ

ತಮಿಳುನಾಡಿನ ಗಡಿಯ ನಮ್ಮ ಹೊಸೂರಿನಲ್ಲಿ ಹುಟ್ಟಿದವರಿಗೆಲ್ಲ ಮೂರು ಭಾಷೆ ಬರುತ್ತದೆ ಎಂದು ಹೊರಗಿನವರು ತಿಳಿದುಕೊಂಡಿದ್ದಾರೆ. ಅವರ ನಂಬಿಕೆ ಕೆಡಿಸಲು ನಾವು ಯಾರೂ ಹೋಗುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಕನ್ನಡದಲ್ಲಿ ಪಾಠ ಹೇಳುತ್ತೇನೆ, ತೆಲುಗಿನಲ್ಲಿ ತರಕಾರಿ ಚೌಕಾಸಿ ಮಾಡುತ್ತೇನೆ, ತಮಿಳಿನಲ್ಲಿ ತಲೆಯಾಡಿಸುತ್ತೇನೆ. ಕಚೇರಿಯ ಸಾಹೇಬರು ಏನೇ ಹೇಳಲಿ, ‘ಸರಿಂಗ ಸಾರ್’ ಎಂದು ಹೊರಗೆ ಬಂದು, ಅವರು ಹೇಳಿದ್ದೇನೆಂದು ಜವಾನನ ಹತ್ತಿರ ಕೇಳಿಕೊಂಡರಾಯಿತು, ಕೆಲಸ ನಡೆದುಹೋಗುತ್ತದೆ. ಈ ವಿದ್ಯೆ ನನಗೆ ಕೈಕೊಟ್ಟಿದ್ದು ಹಲ್ಲಿನ ವಿಷಯದಲ್ಲಿ ಮಾತ್ರ.

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಮಗಳು ಗಿರಿಜೆ ಎರಡನೇ ಕ್ಲಾಸಿನಲ್ಲಿದ್ದಳು. ಅವಳ ದವಡೆಯ ಹಲ್ಲೊಂದು ಹುಳುಕು ಹಿಡಿದು, ಕೆನ್ನೆ ಊದಿ, ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲದಂತಾಯಿತು. ಹೆಂಡತಿ ಸರೋಜ ಲವಂಗ ಇಟ್ಟಳು. ನಾನು ಉಪದೇಶ ಮಾಡಿದೆ. ಎರಡರಿಂದಲೂ ನೋವು ಹೋಗಲಿಲ್ಲ. ಕೊನೆಗೆ ಯಾರೋ ಹೇಳಿದರೆಂದು ಮಗಳನ್ನು ಕರೆದುಕೊಂಡು ಕೃಷ್ಣಗಿರಿಯ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಹೆದರಬೇಡ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಹೇಳುತ್ತಿದ್ದೆ. ಹೆದರಿದ್ದವನು ನಾನು.

ಡಾಕ್ಟರು ತಮಿಳಿನವರು, ಒಳ್ಳೆಯ ಮನುಷ್ಯ. ಅವರ ಅಂಗಡಿಯಂಥ ಕ್ಲಿನಿಕ್ಕು ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇದ್ದದ್ದರಿಂದ ಅವರ ಅರ್ಧ ಮಾತನ್ನು ಕಂಡಕ್ಟರುಗಳ ಕೂಗು ನುಂಗಿಹಾಕುತ್ತಿತ್ತು. ಇದು ‘ಪಾಲ್ ಪಲ್’, ತಾನಾಗಿ ಬಿದ್ದು ಬೇರೆ ಬರುತ್ತದೆ ಎಂದರು. ಹಾಲುಹಲ್ಲು ಎಂದು ನನಗೂ ಅರ್ಥವಾಯಿತು. ಬೇರೆಯವು ಕೆಡಬಾರದು ಎಂದರೆ ರಾತ್ರಿ ಮಲಗುವ ಮುಂಚೆ ಬೆರಳಲ್ಲಿ ಅದೇನೋ ‘ಪೊಡಿ’ ಹಾಕಿ ಚೆನ್ನಾಗಿ ತಿಕ್ಕಬೇಕು, ಮನೆಯಲ್ಲಿ ದೊಡ್ಡವರೂ ತಿಕ್ಕಬೇಕು ಎಂದರು. ನನಗೆ ಕೇಳಿಸಿದ್ದು ‘ಪಾಲ್ ಪೊಡಿ’, ಅಂದರೆ ಹಾಲಿನ ಪುಡಿ. ನಾನು ತಲೆಯಾಡಿಸಿದೆ.

ಈಗ ನೀವು ನಗಬಹುದು. ಆದರೆ ಆ ಕಾಲದಲ್ಲಿ ನಮ್ಮ ಕಡೆ ಬೆಳಗ್ಗೆ ಬೇವಿನ ಕಡ್ಡಿಯನ್ನೋ ಉಪ್ಪು ಇದ್ದಿಲನ್ನೋ ಬಾಯಿಗೆ ಹಾಕಿದರೆ ಹಲ್ಲಿನ ಋಣ ತೀರಿತು. ಮಲಗಲು ಹೋಗುವವನು ಹಲ್ಲುಜ್ಜಿ ಯಾರಿಗೆ ತೋರಿಸಬೇಕು? ಹಾಗಾಗಿ ರಾತ್ರಿ ಹಲ್ಲುಪುಡಿ ಎಂಬ ಯೋಚನೆಯೇ ನನ್ನ ತಲೆಗೆ ಹೊಳೆಯಲಿಲ್ಲ. ಹಾಲುಹಲ್ಲಿಗೆ ಹಾಲಿನ ಪುಡಿ ಎನ್ನುವುದು ಎಷ್ಟು ಸೊಗಸಾಗಿ ಹೊಂದಿಕೊಂಡಿತೆಂದರೆ, ನಾನು ದಾರಿಯಲ್ಲೇ ಒಂದು ಡಬ್ಬಿ ಕೊಂಡುಬಿಟ್ಟೆ.

ಸರೋಜ ಪಕ್ಕದ ಬೇರಿಕೆ ಊರಿನವಳು. ನನ್ನ ವಿದ್ಯೆಯ ಮೇಲೆ ಅವಳಿಗೆ ಮೊದಲಿನಿಂದಲೂ ನಂಬಿಕೆ ಅಷ್ಟಕ್ಕಷ್ಟೆ. “ಅಲ್ರೀ, ತಿಂದ್ಮೇಲೆ ಬಾಯಿ ಮುಕ್ಕಳ್ಸು ಅಂತ ನಾವು ಬಡ್ಕೊಂತೀವಿ. ಅವರು ನೋಡಿದ್ರೆ ಬಾಯ್ತುಂಬಾ ಹಾಲಿನ್ ಪುಡಿ ಮೆತ್ಕೊಂಡು ಮಲಕ್ಕೊ ಅಂದ್ರಾ? ಸರ್ಯಾಗಿ ಕೇಳಿಸ್ಕೊಂಡ್ರಾ?” ಎಂದಳು. ನಾನು ಅವಳನ್ನು ಕೂರಿಸಿಕೊಂಡು, ಹಾಲಿನಲ್ಲಿ ಸುಣ್ಣದ ಅಂಶವಿದೆ, ಹಲ್ಲೂ ಸುಣ್ಣದ್ದೇ, ಗೋಡೆಗೆ ಸುಣ್ಣ ಬಳಿದಂತೆ ಇದೂ ಒಂದು ಎಂದು ತಿಳಿಸಿ ಹೇಳಿದೆ. ಡಾಕ್ಟರು ಹೇಳದೇ ಇದ್ದದ್ದನ್ನು ಅಷ್ಟು ಚೆನ್ನಾಗಿ ವಿವರಿಸಬಲ್ಲವರು ಮೇಷ್ಟರುಗಳು ಮಾತ್ರ.

ಅಂದಿನಿಂದ ನಮ್ಮ ಮನೆಯಲ್ಲಿ ದಂತರಕ್ಷಣೆ ಶುರುವಾಯಿತು. ಯಾವ ಮಗುವೂ ಹಲ್ಲಿನ ಕೆಲಸಕ್ಕೆ ಅಷ್ಟು ಹುಮ್ಮಸ್ಸಿನಿಂದ ಓಡಿಬಂದದ್ದನ್ನು ನಾನು ಕಂಡಿಲ್ಲ. ಊಟವಾದ ಕೂಡಲೇ ಗಿರಿಜೆ ಬೆರಳು ಚಾಚಿಕೊಂಡು ನಿಲ್ಲುತ್ತಿದ್ದಳು. ಪುಡಿಗೆ ಸ್ವಲ್ಪ ಸಕ್ಕರೆ ಬೆರೆಸಿದರೆ ಚೆನ್ನಾಗಿ ಅಂಟುತ್ತದೆ ಎಂಬುದು ನಾನೇ ಮಾಡಿದ ಸುಧಾರಣೆ. ದೊಡ್ಡವರೂ ತಿಕ್ಕಬೇಕೆಂದಿದ್ದರಲ್ಲ, ನಾನೂ ತಿಕ್ಕಿಕೊಂಡೆ. ಸ್ಕೂಲಿನಲ್ಲಿ ತಳಿ ಎಂಬ ಊರಿನಿಂದ ಬರುತ್ತಿದ್ದ ಮೇಷ್ಟರೊಬ್ಬರಿಗೂ ಇದನ್ನು ಉಪದೇಶಿಸಿದೆ. ಅವರು ಎಮ್ಮೆ ಕಟ್ಟಿದವರು, ನೇರವಾಗಿ ಹಾಲನ್ನೇ ಮುಕ್ಕಳಿಸಿದರೆ ಸಾಲದೇ ಎಂದು ಕೇಳಿದರು.

ಮಳೆಗಾಲ ಮುಗಿಯುವುದರೊಳಗೆ ಗಿರಿಜೆಯ ಪಕ್ಕದ ಹಲ್ಲೂ ಕಪ್ಪಗಾಯಿತು. ಆಗ ನನಗೆ ನಿಜವಾಗಿ ದಿಗಿಲಾಯಿತು. ಹೆಣ್ಣುಮಗು, ಬಾಯಿ ಬೊಚ್ಚಾಗಿಬಿಟ್ಟರೆ ಗತಿಯೇನು? ಈ ಸಲ ಸರೋಜಳೂ ಹೊರಟಳು. ಡಾಕ್ಟರು ಬಾಯಿ ನೋಡಿ ಹುಬ್ಬು ಗಂಟಿಕ್ಕಿ, ದಿನಾ ರಾತ್ರಿ ಪುಡಿ ಹಾಕುತ್ತಿದ್ದೀರಾ ಎಂದು ಕೇಳಿದರು. ನಾನು ಎದೆಯುಬ್ಬಿಸಿ ತಲೆಯಾಡಿಸಿದೆ. ಗಿರಿಜೆ ಬೀದಿಯಲ್ಲಿ ಆಡಿ ತಮಿಳು ಕಲಿತವಳು. ಅದು ಬಹಳ ಸಿಹಿಯಾಗಿರುತ್ತದೆ, ಅಪ್ಪ ಸಕ್ಕರೆಯನ್ನೂ ಹಾಕಿಕೊಡುತ್ತಾರೆ, ಡಬ್ಬಿಯ ಮೇಲೆ ಪಾಪುವಿನ ಚಿತ್ರವಿದೆ ಎಂದು ಅಚ್ಚ ತಮಿಳಿನಲ್ಲಿ ಎಲ್ಲವನ್ನೂ ಒಪ್ಪಿಸಿಬಿಟ್ಟಳು.

ಡಾಕ್ಟರು ನನ್ನನ್ನೇ ನೋಡಿದರು. ನಗು ತಡೆದುಕೊಂಡು, “ಸಾರ್, ನಾನ್ ಸೊನ್ನದು ಪಾಲ್ ಇಲ್ಲೆ, ಪಲ್” ಎಂದರು. ತಾನು ಹೇಳಿದ್ದು ಹಾಲಲ್ಲ, ಹಲ್ಲು ಎಂದು. ಒಂದೇ ಒಂದು ದೀರ್ಘ. ಸರೋಜ ಗಿರಿಜೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು.

ಕೆಟ್ಟಿದ್ದ ಎರಡನೆಯದೂ ಹಾಲುಹಲ್ಲೇ, ಇನ್ನು ಮೇಲಾದರೂ ರಾತ್ರಿ ಹಲ್ಲುಪುಡಿಯಲ್ಲಿ ಉಜ್ಜಿದರೆ ಮುಂದೆ ಬರುವವು ಗಟ್ಟಿಯಾಗಿರುತ್ತವೆ ಎಂದು ಡಾಕ್ಟರು ಹೇಳಿದಾಗ ನನಗೆ ಹೋದ ಜೀವ ಬಂದಂತಾಯಿತು. ಆ ಸಂತೋಷದಲ್ಲಿ ಬಾಯಿ ಅಗಲಿಸಿ ನಕ್ಕೆ. ಡಾಕ್ಟರು ಹಾಗೇ ಇರಿ ಎಂದು ನನ್ನ ಬಾಯಿಗೆ ಟಾರ್ಚು ಬಿಟ್ಟರು. ಹಾಲಿನ ಪುಡಿ ಅಲ್ಲಿಯೂ ತನ್ನ ಕೆಲಸ ಮಾಡಿತ್ತು. ನನ್ನವು ಬಿದ್ದರೆ ಮತ್ತೆ ಬರುವ ಹಲ್ಲುಗಳಲ್ಲ. ಒಂದನ್ನು ಅಲ್ಲೇ ಕಿತ್ತು, ಹತ್ತಿ ತುರುಕಿ ಕೂರಿಸಿದರು.

ಆಮೇಲೆ ಮಾಡಬೇಕಾದದ್ದನ್ನು ಅವರು ನನಗೆ ಹೇಳಲಿಲ್ಲ. ಎರಡನೇ ಕ್ಲಾಸಿನ ಹುಡುಗಿಯನ್ನು ಹತ್ತಿರ ಕರೆದು ಹೇಳಿದರು. ಅವಳು ಗಂಭೀರವಾಗಿ ಕೇಳಿಸಿಕೊಂಡು ಬಂದು, “ಅಪ್ಪ, ಇವತ್ತು ನೀನು ಬರೀ ಹಾಲು ಕುಡೀಬೇಕಂತೆ” ಎಂದಳು.

ಹಾಲೋ ಹಲ್ಲೋ, ಇನ್ನೊಂದು ಸಲ ಕೇಳಿಕೊಂಡು ಬಾ ಎಂದೆ. ಬಾಯಲ್ಲಿ ಹತ್ತಿಯಿತ್ತು, ಎರಡೂ ಒಂದೇ ಥರ ಕೇಳಿಸಿತು.