ಸುಬೇದಾರರ ಮೀಸೆಗೆ ನಾನು ಹೊಡೆದ ಮೊಳೆ

ನನ್ನ ಹೆಂಡತಿ ವಿಶಾಲು ಕೇಳಿದ್ದು ಒಂದೇ ಒಂದು ಮೊಳೆ. ಅಡಿಗೆಮನೆಯ ಗೋಡೆಗೆ ಅದನ್ನು ಹೊಡೆದುಕೊಟ್ಟರೆ ಜರಡಿ ನೇತುಹಾಕುತ್ತೇನೆ ಎಂದಳು, ಅಷ್ಟೆ. ಈ ಸಣ್ಣ ಬೇಡಿಕೆಯಿಂದ ಒಬ್ಬ ವೀರಯೋಧರ ಮೀಸೆ ಹೋಗಬಹುದೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ನಾನು ದಂಡಿನ ಕಚೇರಿಯೊಂದರಲ್ಲಿ ಗುಮಾಸ್ತ. ಅಲ್ಲಿಯವರೆಗೆ ಬಾಡಿಗೆ ಮನೆಗಳಲ್ಲೇ ಇದ್ದವನು. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಬೇಕಾದರೆ ಮಾಲೀಕರ ಮುಂದೆ ಕೈಕಟ್ಟಿ ನಿಲ್ಲಬೇಕು. ಯುದ್ಧ ಮುಗಿದ ಹೊಸತರಲ್ಲಿ ಹಲಸೂರು ಕೆರೆಯ ಹತ್ತಿರ ಸ್ವಂತ ಮನೆ ಕೊಂಡೆ. ಮನೆ ಎಂದರೆ ಅರ್ಧ ಮನೆ. ಯಾರೋ ಹಿರಿಯರು ಕಟ್ಟಿಸಿದ ದೊಡ್ಡ ಮನೆಯನ್ನು ಅವರ ಮಕ್ಕಳು ಪಾಲು ಮಾಡಿಕೊಂಡು, ನಡುವೆ ಗೋಡೆ ಎಬ್ಬಿಸಿ, ಎರಡು ಭಾಗವಾಗಿ ಮಾರಿದ್ದರು. ಗೋಡೆಯ ಈಚೆ ನಾವು. ಆಚೆ ಸುಬೇದಾರ್ ಕಣ್ಣಪ್ಪ ಮೊದಲಿಯಾರರು.

ಸುಬೇದಾರರು ಪಲ್ಟನ್ನಿನಿಂದ ನಿವೃತ್ತರಾದವರು. ಅವರ ಮೀಸೆ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ! ಎರಡೂ ತುದಿಗಳು ಕೆನ್ನೆಯ ಮೇಲೆ ಬಂದೂಕಿನ ಹಾಗೆ ಗುರಿಯಿಟ್ಟು ನಿಂತಿರುತ್ತಿದ್ದವು. ಅವರು ಬಾಗಿಲು ದಾಟುವ ಮೊದಲೇ ಮೀಸೆ ದಾಟಿರುತ್ತಿತ್ತು. ಬೀದಿಯಲ್ಲಿ ಎದುರಾದರೆ ನನ್ನ ಕೈ ತಾನಾಗಿಯೇ ಹಣೆಗೆ ಹೋಗಿ ಸಲಾಮು ಹೊಡೆಯುತ್ತಿತ್ತು. ಅವರು "ಹೂಂ" ಅನ್ನುತ್ತಿದ್ದರು. ನಮ್ಮ ನಡುವಿನ ಸ್ನೇಹ ಅಷ್ಟಕ್ಕೇ ನಿಂತಿತ್ತು.

ಆ ಭಾನುವಾರ ಬೆಳಿಗ್ಗೆ ನಾನು ಪಂಚೆ ಎತ್ತಿ ಕಟ್ಟಿ ಸುತ್ತಿಗೆ ಹಿಡಿದು ನಿಂತೆ.

"ನಿಮಗೆ ಬರತ್ತೇನ್ರೀ?" ಅಂದಳು ವಿಶಾಲು.

"ಮೊಳೆ ಹೊಡೆಯೋದಕ್ಕೆ ಬರೋದೇನೇ? ಹೊಡೆದರಾಯ್ತು!"

ಯುದ್ಧ ಮುಗಿದಿದ್ದರೂ ಅದರ ಮಹಿಮೆಯಿಂದ ಹೊಸ ಮೊಳೆ ಇನ್ನೂ ಅಂಗಡಿಯಲ್ಲಿ ಸಿಕ್ಕುತ್ತಿರಲಿಲ್ಲ. ಹಳೆಯ ಸೊಟ್ಟ ಮೊಳೆಯೊಂದನ್ನು ಒರಳುಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದೆ. ಮೊಳೆ ನೆಟ್ಟಗಾಯಿತು, ಹೆಬ್ಬೆರಳು ಚಪ್ಪಟೆಯಾಯಿತು. ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಬಂದೆ. ಮೊದಲ ಏಟಿಗೆ ಮೊಳೆ ಮತ್ತೆ ಸೊಟ್ಟಗಾಯಿತು. ಇನ್ನೊಂದು ಏಟು ಹಾಕಿದೆ. ತಟ್ಟೆಯಷ್ಟಗಲ ಗಾರೆ ಕಳಚಿ, ಒಲೆಯ ಪಕ್ಕದಲ್ಲಿದ್ದ ಹುಳಿಯ ಪಾತ್ರೆಯೊಳಗೆ ದುಡುಂ ಎಂದು ಬಿತ್ತು.

"ಅಯ್ಯೋ ನನ್ನ ಹುಳಿ!"

"ಹುಳಿ ಮತ್ತೆ ಮಾಡಬಹುದು. ಈ ಗೋಡೆ ನೋಡು, ನಮಗೆ ಏನೋ ಹೇಳ್ತಿದೆ."

"ಏನು ಹೇಳ್ತಿದೆ?"

"ಇಲ್ಲೊಂದು ಗೂಡು ಮಾಡು ಅಂತ! ಸಕ್ಕರೆ ಡಬ್ಬ, ಕಾಫಿಪುಡಿ ಡಬ್ಬ, ಎಲ್ಲಾ ಅದರಲ್ಲೇ ಇಡಬಹುದು. ಮೊಳೆ ಯಾತಕ್ಕೆ?"

ನಿಜ ಹೇಳಬೇಕೆಂದರೆ, ಆ ತೂತನ್ನು ನಾನೇ ಬೇಕೆಂದು ಮಾಡಿದ್ದು ಎಂದು ಅವಳನ್ನು ನಂಬಿಸಲು ಬೇರೆ ದಾರಿ ಕಾಣಲಿಲ್ಲ. ವಿಶಾಲು ಹುಳಿಯ ಪಾತ್ರೆಯನ್ನು ಎತ್ತಿಕೊಂಡು, "ನಂಗೆ ಮೊಳೆ ಸಾಕಿತ್ತು" ಅಂದು ಹಿತ್ತಲಿಗೆ ಹೋದಳು.

ಮನೆಯ ಮಿಕ್ಕೆಲ್ಲ ಗೋಡೆಗಳೂ ಕೋಟೆಯ ಗೋಡೆಯಂತಿದ್ದವು. ಮಂಚ ಹಾಕಿ ಮಲಗಬಹುದಾದಷ್ಟು ದಪ್ಪ. ಇದೂ ಹಾಗೇ ಎಂದು ನಾನು ಲೆಕ್ಕ ಹಾಕಿದೆ. ಪಾಲಾದ ಅಣ್ಣತಮ್ಮಂದಿರು ಜಗಳದ ಬಿಸಿಯಲ್ಲಿ ಎಬ್ಬಿಸಿದ ಈ ನಡುಗೋಡೆ ಒಂಟಿ ಇಟ್ಟಿಗೆಯದು, ಮಣ್ಣು ಮೆತ್ತಿ ನಿಲ್ಲಿಸಿದ್ದು ಎಂಬುದು ನನಗೆ ಹೇಗೆ ಗೊತ್ತಾಗಬೇಕು? ಉಳಿ ಇಟ್ಟು ಬಡಿದೆ. ಇಟ್ಟಿಗೆ ಬೆಣ್ಣೆಯ ಹಾಗೆ ಬಂತು. ನನ್ನ ಕೈಯ ಕಸುಬಿಗೆ ನಾನೇ ಬೆರಗಾದೆ! ಹುಮ್ಮಸ್ಸಿನಲ್ಲಿ ಸುತ್ತಿಗೆಯನ್ನು ತಲೆಯ ಮೇಲೆತ್ತಿ ಬಲವಾಗಿ ಒಂದು ಕೊಟ್ಟೆ.

ಆಚೆ ಏನೋ ಫಳಾರನೆ ಒಡೆಯಿತು. ಧೂಳು ಎದ್ದಿತು. ಗೂಡಿನ ಹಿಂಭಾಗದಿಂದ ಬೆಳಕು ಬಂತು. ಗೂಡಿಗೆ ಬೆಳಕು ಬರಬಾರದು ಎಂಬಷ್ಟು ಜ್ಞಾನ ನನಗಿತ್ತು. ಬಗ್ಗಿ ಇಣುಕಿದೆ.

ಆಚೆಯಿಂದ ಒಂದು ಮುಖ ನನ್ನನ್ನೇ ನೋಡುತ್ತಿತ್ತು. ಮುಖದ ತುಂಬ ಸೋಪಿನ ನೊರೆ. ಕೈಯಲ್ಲಿ ಕ್ಷೌರದ ಕತ್ತಿ. ಎಡಗಡೆ ಮೀಸೆ ಇತ್ತು. ಬಲಗಡೆ ಇರಲಿಲ್ಲ!

ನಡೆದದ್ದು ಇಷ್ಟು. ಸುಬೇದಾರರು ಆ ಗೋಡೆಗೆ ಕನ್ನಡಿ ನೇತುಹಾಕಿ ಕ್ಷೌರ ಮಾಡಿಕೊಳ್ಳುತ್ತಿದ್ದರು. ಕತ್ತಿ ಕೆನ್ನೆಯಿಂದ ಮೂಗಿನ ಕೆಳಗೆ ಬಂದಿದ್ದಾಗ ನನ್ನ ಏಟು ಬಿದ್ದಿತ್ತು. ಬೆಚ್ಚಿದ ಕೈ ಜಾರಿತು. ಕನ್ನಡಿ ಬಿದ್ದಿತು. ಅಷ್ಟು ವರ್ಷ ತಮ್ಮ ಮುಖ ನೋಡಿಕೊಂಡಿದ್ದ ಜಾಗದಲ್ಲಿ ಅವರಿಗೆ ಈಗ ನನ್ನ ಮುಖ ಕಂಡಿತು.

ನಾನು ತೂತಿನೊಳಗಿಂದಲೇ ಸಲಾಮು ಹೊಡೆದೆ.

"ಅಡಪ್ಪಾವಿ!" ಎಂದರು ಸುಬೇದಾರರು. ಆಮೇಲೆ ತಮಿಳಿನಲ್ಲಿ ಬಹಳ ಹೊತ್ತು ಮಾತಾಡಿದರು. ನನಗೆ ಪೂರ್ತಿ ಅರ್ಥವಾಗಲಿಲ್ಲ, ಅದು ದೇವರ ದಯೆ. ಕೊನೆಗೆ ಕನ್ನಡಕ್ಕೆ ಬಂದರು. "ಇವತ್ತು ನಮ್ಮ ಕರ್ನಲ್ ಸಾಹೇಬ್ರು ಇಂಗ್ಲೆಂಡು ಸೀಮೆಗೆ ವಾಪಸ್ ಹೋಗ್ತಾರಯ್ಯಾ! ಪೆರೇಡು ಮೈದಾನದಲ್ಲಿ ಹಳೇ ಸಿಪಾಯಿಗಳಿಗೆಲ್ಲ ಟೀ ಪಾರ್ಟಿ. ಈ ಮೂತಿ ಇಟ್ಕೊಂಡು ಹೆಂಗಯ್ಯಾ ಹೋಗ್ಲಿ?"

"ಎಡಗಡೆಯಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಸಾರ್" ಅಂದೆ. ಸಮಾಧಾನ ಹೇಳುವ ಉದ್ದೇಶ ನನ್ನದು. ಅವರು ಕತ್ತಿಯನ್ನು ನೋಡಿಕೊಂಡ ರೀತಿಯಿಂದ, ಹೇಳಬಾರದಿತ್ತು ಎಂದು ತಿಳಿಯಿತು.

ಬೇರೆ ದಾರಿಯಿಲ್ಲದೆ ಉಳಿದರ್ಧ ಮೀಸೆಯನ್ನೂ ಅವರೇ ತೆಗೆದರು. ನಾನು ತೂತಿನಿಂದ ಕೈಚಾಚಿ ವಿಶಾಲುವಿನ ಕೈಗನ್ನಡಿಯನ್ನು ಹಿಡಿದುಕೊಂಡಿದ್ದೆ. ಕೈ ನಡುಗುತ್ತಿತ್ತು. "ಅಟೆನ್ಷನ್!" ಎಂದು ಗದರಿದರು. ಕೈ ನಿಂತಿತು, ಕಾಲು ನಡುಗತೊಡಗಿತು.

ಶಬ್ದ ಕೇಳಿ ಅವರ ಹೆಂಡತಿ ಕಾಮಾಕ್ಷಮ್ಮನವರು ಓಡಿ ಬಂದರು. ಗಂಡನ ಮುಖ ನೋಡಿದ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಿರುಗಿ ನಿಂತರು. ಭುಜ ಕುಲುಕುತ್ತಿತ್ತು. ಪಾಪ, ಅಳುತ್ತಿದ್ದಾರೆ ಎಂದು ನಾನು ಮರುಗಿದೆ. ನಗುತ್ತಿದ್ದರು!

ಸುಬೇದಾರರು ಪದಕಗಳ ಕೋಟು ತೊಟ್ಟು ನಮ್ಮ ಬಾಗಿಲಿಗೆ ಬಂದರು. "ನೀನೂ ಬಾ" ಎಂದರು. ಅದು ಆಮಂತ್ರಣವಲ್ಲ, ಹುಕುಂ. ಜಟಕಾದಲ್ಲಿ ಅವರ ಪಕ್ಕದಲ್ಲಿ ಮುದುಡಿ ಕೂತೆ. ದಾರಿಯುದ್ದಕ್ಕೂ ಅವರ ಕೈ ಇಲ್ಲದ ಮೀಸೆಯನ್ನು ತಿರುವಲು ಮೇಲೇಳುತ್ತಿತ್ತು, ಖಾಲಿ ಜಾಗ ಮುಟ್ಟಿ ಕೆಳಗಿಳಿಯುತ್ತಿತ್ತು. ಪ್ರತಿಸಲ ನಾನು ಕಿಟಕಿಯಾಚೆ ನೋಡುವವನಂತೆ ನಟಿಸಿದೆ. ಜಟಕಾಕ್ಕೆ ಕಿಟಕಿಯೇ ಇರಲಿಲ್ಲ.

ಮೈದಾನದ ಗೇಟಿನಲ್ಲಿ ನಿಂತಿದ್ದ ಹವಾಲ್ದಾರನಿಗೆ ಹಿಂದೆ ಡ್ರಿಲ್ಲು ಕಲಿಸಿದವರು ಇವರೇ. ಅವನು ಇವರನ್ನು ಮೇಲಿಂದ ಕೆಳಗೆ ನೋಡಿ, "ಯಾರ್ರೀ ನೀವು? ಸುಬೇದಾರ್ ಸಾಹೇಬ್ರ ಕೋಟು ನಿಮಗೆಲ್ಲಿ ಸಿಕ್ತು?" ಎಂದ!

ಸುಬೇದಾರರ ಮುಖ ಕೆಂಪಗಾಯಿತು. ಆಮೇಲೆ ಸಣ್ಣದಾಯಿತು. ಅಷ್ಟು ದೊಡ್ಡ ಮನುಷ್ಯ ತಮ್ಮವರ ಎದುರಿನಲ್ಲೇ ಯಾರೂ ಅಲ್ಲದವರ ಹಾಗೆ ನಿಂತದ್ದು ನೋಡಿ, ಆ ದಿನ ಮೊದಲ ಬಾರಿಗೆ ನನಗೆ ಹೆದರಿಕೆಯ ಬದಲು ಸಂಕಟವಾಯಿತು. "ಇವರೇ ಅವರು! ಮೀಸೆ ತೆಗೆದವನು ನಾನು!" ಎಂದು ಕೂಗಿಬಿಟ್ಟೆ.

ಗದ್ದಲ ಕೇಳಿ ಕರ್ನಲ್ ಸಾಹೇಬರೇ ಬಂದರು. ಬಿಳಿಯ ದೊರೆ, ಉದ್ದನೆ ಆಳು. "ವಾಟ್ ಈಸ್ ದಿಸ್?" ಎಂದರು. ಸುಬೇದಾರರು ನನ್ನ ಬೆನ್ನಿಗೆ ತಿವಿದು, "ಹೇಳಯ್ಯಾ" ಎಂದರು. ಕಚೇರಿಯಲ್ಲಿ ನನ್ನ ಇಂಗ್ಲಿಷಿಗೆ ಒಳ್ಳೆಯ ಹೆಸರಿತ್ತು. ಅದೆಲ್ಲ ಬರೆಯುವ ಇಂಗ್ಲಿಷು. ಬಾಯಿಂದ ಬಂದದ್ದು ಇಷ್ಟೆ:

"ಸಾರ್, ಐ ವಾಸ್ ಮೇಕಿಂಗ್ ಒನ್ ಹೋಲ್, ಸಾರ್. ಹಿಸ್ ಮೀಸೆ ಕೇಮ್ ಇನ್ ದಿ ವೇ, ಸಾರ್."

ಕರ್ನಲ್ ಸಾಹೇಬರು ಸುಬೇದಾರರ ಮುಖವನ್ನು ದಿಟ್ಟಿಸಿದರು. ಗುರುತು ಸಿಕ್ಕಿತು. ನಕ್ಕರು ನೋಡಿ, ಟೋಪಿ ಕೆಳಗೆ ಬೀಳುವಷ್ಟು! ಸುಬೇದಾರರ ಹೆಗಲ ಮೇಲೆ ಕೈಹಾಕಿ, "ಕಣ್ಣಪ್ಪ, ಎರಡು ಯುದ್ಧದಲ್ಲಿ ಶತ್ರುಗಳ ಕೈಲಿ ಆಗದ್ದನ್ನು ಈ ಗುಮಾಸ್ತ ಮಾಡಿದನಲ್ಲ!" ಎಂದು ಇಂಗ್ಲಿಷಿನಲ್ಲಿ ಹೇಳಿ, ತಮ್ಮ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡರು. ಟೀ ಮುಗಿಯುವವರೆಗೂ ಸುಬೇದಾರರು ಅಲ್ಲಿಂದ ಏಳಲಿಲ್ಲ. ನನ್ನನ್ನು ಬ್ಯಾಂಡಿನವರ ಡೋಲಿನ ಹಿಂದೆ ಕೂರಿಸಿ ಒಂದು ಬಿಸ್ಕತ್ತು ಕೊಟ್ಟರು.

ಮನೆಗೆ ಬಂದಾಗ ಹೆಂಗಸರಿಬ್ಬರೂ ತೂತಿನ ಆಚೆಗೊಬ್ಬರು ಈಚೆಗೊಬ್ಬರು ಕೂತು ಕಾಫಿ ಕುಡಿಯುತ್ತಿದ್ದರು. ಕಾಮಾಕ್ಷಮ್ಮನವರು, "ನಮ್ಮ ಮದುವೇಲಿ ಇವರು ಹಿಂಗೇ ಇದ್ರಮ್ಮ" ಎಂದು ವಿಶಾಲುವಿಗೆ ಹೇಳುತ್ತಿದ್ದರು. ಅದು ಸುಬೇದಾರರ ಕಿವಿಗೂ ಬಿತ್ತು. ಅವರು ಕೆಮ್ಮಿ ಒಳಗೆ ಹೋದರು. ಆಮೇಲೆ ಕೆಲವು ದಿನ ಅವರು ಮೀಸೆ ಬೆಳೆಸುವ ಅವಸರವನ್ನೇ ತೋರಿಸಲಿಲ್ಲ.

ಮುಂದಿನ ಭಾನುವಾರ ತೂತು ಮುಚ್ಚಲು ನಾನೇ ಗಾರೆ ಕಲಸಿದೆ. ಇಟ್ಟಿಗೆಯನ್ನು ಈಚೆಯಿಂದ ಒತ್ತಿದೆ. ಅದು ಆಚೆಗೆ ಹೋಗಿ, ಹೊಳೆಯುವಂತೆ ಪಾಲಿಷ್ ಮಾಡಿಟ್ಟಿದ್ದ ಸುಬೇದಾರರ ಬೂಟಿನೊಳಗೆ ಬಿತ್ತು. ಗಾರೆಯೂ ಹಿಂದೆಯೇ ಹೋಯಿತು. ತೂತು ಮುಚ್ಚಲಿಲ್ಲ, ಬೂಟು ಮುಚ್ಚಿತು.

"ಇನ್ನು ಮುಟ್ಟಬೇಡಿ! ಅದು ಹಾಗೇ ಇರಲಿ" ಎಂದು ಹೆಂಗಸರಿಬ್ಬರೂ ಒಟ್ಟಿಗೆ ತೀರ್ಪು ಕೊಟ್ಟರು. ಬಡಗಿಯನ್ನು ಕರೆಸಿ ಚೌಕಟ್ಟು ಕೂರಿಸಿ ಪುಟ್ಟದೊಂದು ಬಾಗಿಲು ಇಡಿಸಿದರು. ಸಾರು, ಪಲ್ಯ, ಬೀದಿಯ ಸುದ್ದಿ, ಎಲ್ಲವೂ ಅದರೊಳಗಿಂದ ಓಡಾಡತೊಡಗಿತು. ಚಿಲಕ ಮಾತ್ರ ಅವರ ಕಡೆಗೇ ಇರಬೇಕೆಂದು ಸುಬೇದಾರರು ಹಟ ಹಿಡಿದರು.

ಹಟ ಯಾಕೆಂದು ಆಮೇಲೆ ತಿಳಿಯಿತು. ಒಂದು ದಿನ ವಿಶಾಲು ಮನೆಯಲ್ಲಿಲ್ಲದ ಹೊತ್ತು ನೋಡಿ, ಅಲ್ಲಾಡುತ್ತಿದ್ದ ಸ್ಟೂಲಿನ ಕಾಲನ್ನು ಬಿಗಿ ಮಾಡೋಣವೆಂದು ಸದ್ದಿಲ್ಲದೆ ಸುತ್ತಿಗೆ ಎತ್ತಿದೆ. ಗೋಡೆಯಲ್ಲಿ ಚಿಲಕ ಕಿರ್ರೆಂದಿತು. ಪುಟ್ಟ ಬಾಗಿಲು ತೆರೆಯಿತು. ಅರ್ಧ ಬೆಳೆದ ಮೀಸೆಯೊಂದು ಇಣುಕಿತು.

"ಕೆಳಗಿಡು."

ಇಟ್ಟೆ.