ದೀಪ ಕುಡಿದ ಉಪ್ಪುನೀರು

ನಾನೇ ಸ್ಟೂಲು ಹತ್ತಿ ಹಜಾರದ ಚಾವಣಿಗೆ ಕೂರಿಸಿದ ಹೊಚ್ಚಹೊಸ ದೀಪ, ಬೆಳಗಾಗುವಷ್ಟರಲ್ಲಿ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡಿತ್ತು.

ಮೊದಲೇ ನಮ್ಮ ಮನೆಗೂ ನೀರಿಗೂ ಆಗಿಬರುವುದಿಲ್ಲ. ಹೋದ ಚಳಿಗಾಲ ಕಿಮ್ಚಿ ಉಪ್ಪಿನಕಾಯಿಗೆಂದು ಎಲೆಕೋಸು ನೆನೆಹಾಕಿದ ಉಪ್ಪುನೀರು ಹರಿದು ಗೋಡೆಯ ಪ್ಲಗ್ಗು ಢಂ ಎಂದಿತ್ತು. "ಇನ್ನು ಈ ಮನೆಯೊಳಗೆ ಕಿಮ್ಚಿ ಹಾಕಕೂಡದು!" ಎಂದು ಈ ಸಲ ರಾಜಾಜ್ಞೆ ಹೊರಡಿಸಿದ್ದೆ. ಹೆಂಡತಿ ಮಿಸುಕ್ ಜಗಳವಾಡದೆ "ಆಯ್ತು" ಅಂದಳು. (ಗಂಡಸು ಗಟ್ಟಿಯಾಗಿ ಹೇಳಿದರೆ ಇಷ್ಟೇ ನೋಡಿ, ಎಂದುಕೊಂಡೆ.)

ಮೇನ್ ಸ್ವಿಚ್ ಆರಿಸಿ, ದೀಪದ ಮುಚ್ಚಳ ಇಳಿಸಿ, ಒಳಗಿನ ನೀರಿಗೆ ಬೆರಳದ್ದಿ ನೆಕ್ಕಿದೆ.

"ಅಯ್ಯೋ, ಅದನ್ಯಾಕ್ರೀ ಬಾಯಿಗಿಡ್ತೀರಿ?"

"ಉಪ್ಪು ಕಣೇ! ಮೇಲಿನ ಮನೆ ಒಕ್‌ಬುನ್ ಅಜ್ಜಿ ನಮ್ಮ ತಲೆ ಮೇಲೇ ಕೋಸು ನೆನೆಹಾಕಿದಾಳೆ!"

"ಹೋಗ್ಲಿ ಬಿಡಿ. ಒಣಗಿದ್ರೆ ಸರಿಹೋಗತ್ತೆ."

ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದಾದರೂ ಯುದ್ಧಕ್ಕೆ ಹೊರಡುವವಳು ಇವಳು! ಅಜ್ಜಿ ಇವಳನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾಳೆಂದು ಅನುಮಾನ ಬಲಿಯಿತು. ಮುಚ್ಚಳವನ್ನು ಸಾಕ್ಷಿಗೆಂದು ನೀರಿನ ಸಮೇತ ಹಿಡಿದು, ಚೆಲ್ಲದಂತೆ ಮೆಟ್ಟಿಲು ಹತ್ತಿದೆ.

ಅಜ್ಜಿ ಬಾಗಿಲು ತೆರೆದದ್ದೇ ತಡ, ಬೆಳ್ಳುಳ್ಳಿಯ ಘಾಟು ಮೂಗಿಗೆ ಬಡಿಯಿತು.

"ಅಜ್ಜಿ, ಸುಳ್ಳು ಹೇಳ್ಬೇಡಿ! ಯಾರು ಕೋಸು ನೆನೆಹಾಕಿದ್ರೋ ಅವರೇ ಹೊಸ ದೀಪ ತಂದ್ಕೊಡ್ಬೇಕು. ಉಪ್ಪು ತಿಂದವರು ನೀರು ಕುಡೀಲೇಬೇಕು!"

"ಬಾಯಲ್ಲಿ ಹಲ್ಲೇ ಇಲ್ಲ ಕಣಪ್ಪ, ನಂಗ್ಯಾಕೆ ಅಷ್ಟೊಂದು ಕೋಸು? ಸ್ನಾನದ ತೊಟ್ಟಿ ಕೇಳಿದ್ರು, ಕೊಟ್ಟೆ. ನಲ್ಲಿ ನಿಲ್ಲಿಸೋದು ಮರೆತುಬಿಟ್ರು."

"ಯಾರು ಕೇಳಿದ್ದು?"

ಮೊಣಕೈವರೆಗೆ ಕೆಂಪು ರಬ್ಬರ್ ಗ್ಲೌಸು ತೊಟ್ಟು ಬಚ್ಚಲಿನಿಂದ ಹೊರಬಂದರು, ನಮ್ಮ ಅತ್ತೆ! (ಮಿಸುಕ್ ಹೇಳಿದ ಪ್ರಕಾರ ಅವರು ಮಂಡಿನೋವೆಂದು ಊರಿನಲ್ಲಿ ಮಲಗಿರಬೇಕಿತ್ತು.)

"ಬಂದ್ರಾ ಅಳಿಯಂದಿರೇ? ನಿಮ್ಮನೇಲಿ ಹಾಕಬಾರ್ದು ಅಂದ್ರಂತಲ್ಲ, ಅದಕ್ಕೇ ಇಲ್ಲಿ ಹಾಕ್ತಿದೀವಿ. ಚಳಿಗಾಲ ಪೂರ್ತಿ ತಿನ್ನೋರು ನೀವೇ ತಾನೇ? ಬಾಯಿ ತೆಗೀರಿ, ಉಪ್ಪು ಸರಿಯಾಗಿದ್ಯಾ ಹೇಳಿ."

"ಒಂಚೂರು ಜಾಸ್ತಿ," ಎಂದು ಬಾಯಿತಪ್ಪಿ ಅಂದುಬಿಟ್ಟೆ.

"ಅಲ್ರೀ, ರುಚಿ ನೋಡೋಕೆ ಮುಂಚೇನೇ?"

"ಆಗ್ಲೇ ನೋಡಿದಾರಮ್ಮ," ಬೆನ್ನ ಹಿಂದಿನಿಂದ ಮಿಸುಕ್ ದನಿ ಬಂತು. "ದೀಪದಲ್ಲಿ!"

ಅಜ್ಜಿ ಇಲ್ಲದ ಹಲ್ಲು ಕಿರಿದು ನಕ್ಕರು. ಹೊಸ ದೀಪದ ಮಾತನ್ನು ಅತ್ತೆಯ ಮುಂದೆ ಎತ್ತುವ ಧೈರ್ಯ ನನಗಿರಲಿಲ್ಲ. ಆ ಸಂಜೆ ಅಜ್ಜಿಯ ಹಜಾರದಲ್ಲಿ ನಾನೂ ಕೆಂಪು ಗ್ಲೌಸು ತೊಟ್ಟು, ಒಂದೊಂದೇ ಎಲೆಗೆ ಖಾರ ಮೆತ್ತುತ್ತ ಕುಳಿತಿದ್ದೆ. ಮನೆಗೆ ಹೋಗಿಯಾದರೂ ಏನು ಮಾಡಲಿ, ಅಲ್ಲಿ ಕತ್ತಲೆ.