ಆರನೆಯ ಚೌಕದ ಸೆರಗು

ಪ್ರೇಮದ ವಿಷಯದಲ್ಲಿ ನಾನು ದಡ್ಡ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀವು ಆಮೇಲೆ ಕಂಡುಹಿಡಿಯುವ ಶ್ರಮ ತಪ್ಪುತ್ತದೆ. ಇಂಥ ನಾನು ಒಂದು ಮಲಯಾಳ ವಾರಪತ್ರಿಕೆಯ ಪ್ರೇಮದ ಚಿತ್ರಕಥೆಗೆ ಚಿತ್ರ ಬರೆದುಕೊಡುತ್ತಿದ್ದೆ ಎಂದರೆ ನನ್ನ ಅಣ್ಣತಮ್ಮಂದಿರು ಈಗಲೂ ನಂಬುವುದಿಲ್ಲ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನವನಾದ ನಾನು ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತ. ಉಳ್ಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮದುವೆಯಾಗಿ ಎಂಟು ತಿಂಗಳು. ಹೆಂಡತಿ ಸುಮತಿ ಕಾಸರಗೋಡಿನ ಕಡೆಯವಳು. ಸರ್ಕಾರಿ ನೌಕರ ಹೊರಗಿನ ಕೆಲಸ ಮಾಡಲು ಮೇಲಧಿಕಾರಿಯ ಅಪ್ಪಣೆ ಬೇಕು. ಪ್ರೇಮದ ಚಿತ್ರ ಬರೆಯಲು ಅಪ್ಪಣೆ ಕೊಡಿ ಎಂದು ಅರ್ಜಿ ಬರೆಯುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಪತ್ರಿಕೆಯಲ್ಲಿ 'ಚಿತ್ರ: ಸುಮತಿ' ಎಂದು ಅಚ್ಚಾಗುತ್ತಿತ್ತು.

ಹೆಸರು ಕೊಟ್ಟದ್ದಷ್ಟೇ ಅಲ್ಲ, ಪತ್ರಿಕೆಯವರು ಕಳಿಸುತ್ತಿದ್ದ ಕಥೆಯನ್ನು ಓದಿ ಹೇಳುತ್ತಿದ್ದವಳೂ ಅವಳೇ. ನನಗೆ ಮಲಯಾಳ ಕಿವಿಗೆ ಅಷ್ಟಿಷ್ಟು ಬಿದ್ದು ಗೊತ್ತು, ಅಕ್ಷರ ಮಾತ್ರ ಜಿಲೇಬಿಯಂತೆ ಕಾಣುತ್ತಿತ್ತು. ಭಾನುವಾರ ಬೆಳಗ್ಗೆ ನಾನು ಪೆನ್ಸಿಲ್ ಹಿಡಿದು ಮೇಜಿನ ಮುಂದೆ ಕೂತರೆ, ಅವಳು ಬಾಗಿಲಿಗೊರಗಿ ನಿಂತು ಸಾಮಾನಿನ ಪಟ್ಟಿ ಓದುವ ದನಿಯಲ್ಲಿ ಓದುವಳು. "ನೀನಿಲ್ಲದೆ ನನಗೆ ಬೆಳಗೇ ಇಲ್ಲ ಅಂತ ಅವನು ಹೇಳುವುದು. ಅವಳು ಕಣ್ಣೀರು ಹಾಕುವುದು. ಒಂದು ನಿಮಿಷ, ಒಲೆಯಲ್ಲಿ ಹಾಲುಂಟು." ಹೊಸದಾಗಿ ಮದುವೆಯಾದ ಹೆಂಡತಿ ಅಂಥ ಮಾತನ್ನು ಬಾಯಿಬಿಟ್ಟು ಓದುವಾಗ ತಲೆಯೆತ್ತಿ ನೋಡಬೇಕೆಂದು ನನಗೂ ಅನ್ನಿಸುತ್ತಿತ್ತು. ನೋಡುತ್ತಿರಲಿಲ್ಲ. ಸ್ಕೇಲು ಹಿಡಿದು ಚೌಕದ ಗೆರೆ ಎಳೆಯುತ್ತಿದ್ದೆ.

ಪುಟಕ್ಕೆ ಆರು ಚೌಕ. ನನ್ನ ಪದ್ಧತಿಯಲ್ಲಿ ನಾಯಕ ಒಂದು ಚೌಕದಲ್ಲಿ, ನಾಯಕಿ ಪಕ್ಕದ ಚೌಕದಲ್ಲಿ. ಒಂದೇ ಚೌಕದಲ್ಲಿ ಇಬ್ಬರೂ ಬರಲೇಬೇಕಾದರೆ ನಡುವೆ ಒಂದು ತೆಂಗಿನ ಮರ. ಕೊನೆಗೆ ಸಂಪಾದಕ ವರ್ಗೀಸ್ ನನ್ನನ್ನು ಕೊಚ್ಚಿಗೆ ಕರೆಸಿಕೊಂಡರು. ಪಾಲಾರಿವಟ್ಟಂನಲ್ಲಿದ್ದ ಅವರ ಕಚೇರಿಯಲ್ಲಿ ನನ್ನ ಪುಟವನ್ನು ಮೇಜಿನ ಮೇಲೆ ಹರಡಿ, "ಸಾರೇ, ಈ ಇಬ್ಬರ ನಡುವೆ ಒಂದು ಬಸ್ಸು ಹೋಗಬಹುದು. ಕಂಡಕ್ಟರ್ ಇಳಿದು ಚಾಯ ಕುಡಿದು ಬರಬಹುದು" ಎಂದರು. ಮುಂದಿನ ಕಂತಿನಲ್ಲಿ ಜಗಳವಾಡಿದ ಪ್ರೇಮಿಗಳು ಒಂದಾಗಬೇಕು. ಅವರು ಹತ್ತಿರ ಬಂದದ್ದು ಓದುವವರ ಎದೆಗೆ ತಾಗಬೇಕು. ತಾಗದಿದ್ದರೆ ಬೇರೆ ಆರ್ಟಿಸ್ಟನ್ನು ಹುಡುಕುತ್ತೇನೆ ಎಂದು ನಗುತ್ತಲೇ ಹೇಳಿದರು.

ಮನೆಗೆ ಬಂದು ತೆಂಗಿನ ಮರ ಕಡಿದೆ. ಇಬ್ಬರ ತಲೆಗಳನ್ನೂ ಹತ್ತಿರ ತಂದೆ. ಚಂದ್ರ ಬರೆದೆ, ಕಿಟಕಿ ಬರೆದೆ, ಕಿಟಕಿಗೆ ಬಳ್ಳಿ ಹಬ್ಬಿಸಿದೆ. ಸುಮತಿ ಬಂದು ಬಗ್ಗಿ ನೋಡಿದಳು. "ಇವಳು ಅವನ ತಲೆಯಲ್ಲಿ ಹೇನು ನೋಡುವುದಾ?" ಅಳಿಸಿ ಮತ್ತೆ ಬರೆದೆ. "ಈಗ ಅವನಿಗೆ ಜ್ವರ ಉಂಟಾ ಅಂತ ನೋಡುವ ಹಾಗೆ ಕಾಣ್ತದೆ." ಮೂರನೆಯದಕ್ಕೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಅವಳು ನಗುವುದು ಬಹಳ ಹೊತ್ತು ಕೇಳಿಸಿತು.

ಇದೇ ವೇಳೆಗೆ ನನ್ನ ದವಡೆಯ ಹಲ್ಲೊಂದು ಬಂಡೆದ್ದಿತು. ಮೆಡಿಕಲ್ ಕಾಲೇಜಿನ ಆಸ್ಪತ್ರೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅದು ಇನ್ನೂ ದೂರವಿದ್ದಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಾ ಸುಮತಿಯ ಜೊತೆ ಹೋದೆ. ಹೊರಗಿನ ಬೆಂಚಿನ ಮೇಲೆ ಕೂತೆವು. ಒಳಗಿನಿಂದ ಯಾರೋ "ಅಯ್ಯೋ, ಎಂಡಮ್ಮೇ" ಎಂದು ಅಮ್ಮನನ್ನು ಕೂಗಿಕೊಂಡದ್ದು ಕೇಳಿಸಿತು. ನರ್ಸು ನನ್ನ ಹೆಸರು ಕರೆದಳು. ನಾನು ಎದ್ದೆ, ಕಾಲು ಮುಂದಕ್ಕೆ ಹೋಗಲಿಲ್ಲ. ಕೆಳಗೆ ನೋಡಿದರೆ ನನ್ನ ಬಲಗೈ ಸುಮತಿಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಯಾವಾಗ ಹಿಡಿದೆನೋ ತಿಳಿಯದು. ಅಷ್ಟು ಜನರ ಎದುರು ನಾಚಿಕೆಯಾಯಿತು, ಆದರೂ ಬೆರಳು ಬಿಚ್ಚಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ. "ಬನ್ನಿ, ನಾನೂ ಒಳಗೆ ಬರ್ತೇನೆ" ಎಂದಷ್ಟೇ ಹೇಳಿ ನನ್ನ ಜೊತೆ ನಡೆದಳು.

ಹಲ್ಲು ಹೋಯಿತು, ಮುಖ ಊದಿತು. ಮರುದಿನದ ಅಂಚೆಗೆ ಪುಟ ಹೋಗಬೇಕು, ನಾನು ಹೊದ್ದು ಮಲಗಿದ್ದೆ. ಸುಮತಿ ನನ್ನ ಕಾಗದವನ್ನೂ ರಬ್ಬರನ್ನೂ ತಂದು ಮಂಚದ ಪಕ್ಕ ಕೂತಳು. ಚಂದ್ರ ಹೋದ, ಕಿಟಕಿ ಹೋಯಿತು, ಬಳ್ಳಿ ಹೋಯಿತು. ಮೊದಲ ಚೌಕವನ್ನು ಅಗಲವಾಗಿ ಬಿಟ್ಟಳು, ಒಂದೊಂದನ್ನೇ ಕಿರಿದು ಮಾಡುತ್ತ ಬಂದಳು. ಅಂಗೈಯಷ್ಟೂ ಇಲ್ಲದ ಆರನೆಯ ಚೌಕದಲ್ಲಿ ಮುಖವೂ ಇಲ್ಲ, ಮಾತೂ ಇಲ್ಲ. "ಇದರಲ್ಲಿ ಅವನ ಮುಷ್ಟಿ, ಅವಳ ಸೆರಗು. ಇಷ್ಟೇ ಬರೆಯಿರಿ, ಸಾಕು" ಎಂದಳು. ಊದಿದ ಬಾಯಲ್ಲಿ ವಾದ ಮಾಡಲಾಗದೆ ಬರೆದೆ.

ಆ ಸಂಚಿಕೆ ಬಂದ ಮೇಲೆ ವರ್ಗೀಸ್ ಒಂದು ಕಟ್ಟು ಕಾಗದ ಕಳಿಸಿದರು. ಎಲ್ಲವೂ 'ಸುಮತಿ ಚೇಚಿ'ಗೆ, ಅಂದರೆ ಸುಮತಿ ಅಕ್ಕನಿಗೆ. ಗಂಡಸರಿಗೂ ಭಯವಾಗುತ್ತದೆ ಎಂದು ತೋರಿಸಿದಿರಿ ಎಂದು ಒಬ್ಬಳು ನರ್ಸು ಬರೆದಿದ್ದಳು. ಸಾಲದ್ದಕ್ಕೆ ತ್ರಿಪ್ಪುಣಿತ್ತುರದ ಮಹಿಳಾ ಸಮಾಜದವರು, ಪ್ರೇಮದ ಚಿತ್ರಕಥೆ ಬರೆಯುವುದು ಹೇಗೆಂದು ಬಂದು ಮಾತಾಡಬೇಕು ಎಂದು ಕರೆದರು. "ಬೇಡ ಅಂತ ಬರೆದುಬಿಡು. ನಿಜ ಗೊತ್ತಾದರೆ ನನ್ನ ಕೆಲಸದ ಗತಿ?" ಎಂದೆ. "ಎಂತಕ್ಕೆ ಬೇಡ? ಕರೆದದ್ದು ನನ್ನನ್ನಲ್ಲವಾ?" ಎಂದು ರೇಷ್ಮೆ ಸೀರೆ ಬಿಸಿಲಿಗೆ ಹಾಕಿದಳು.

ಸಭೆಯಲ್ಲಿ ನಾನು ಕೊನೆಯ ಸಾಲಿನಲ್ಲಿ ಕಂಬದ ಹಿಂದೆ ಕೂತೆ. ಸುಮತಿ ಮಲಯಾಳದಲ್ಲಿ ನಿಧಾನವಾಗಿ ಮಾತಾಡಿದ್ದರಿಂದ ನನಗೂ ಅರ್ಥವಾಯಿತು. ಜಗಳಕ್ಕೆ ಜಾಗ ಬೇಕು, ಆಗ ಚೌಕ ಅಗಲ ಇರಲಿ. ಮನಸ್ಸು ಹತ್ತಿರವಾದಾಗ ಮರ, ಮನೆ, ಚಂದ್ರ ಯಾವುದೂ ಕಾಣುವುದಿಲ್ಲ, ಅದನ್ನೆಲ್ಲ ತೆಗೆದುಬಿಡಿ ಎಂದಳು. ಮುಂದಿನ ಸಾಲಿನ ಒಬ್ಬ ಅಮ್ಮ ಎದ್ದು, ಆ ಸೆರಗಿನ ಯೋಚನೆ ಹೇಗೆ ಬಂತು ಮೋಳೇ ಎಂದು, ಮಗಳನ್ನು ಕರೆಯುವಂತೆ ಕರೆದು ಕೇಳಿದರು.

"ನನ್ನ ಗಂಡ ಹಲ್ಲು ಕೀಳಿಸಲು ಹೋದಾಗ ಹಿಡಿದುಕೊಂಡರು" ಎಂದಳು ಸುಮತಿ. ಸಭೆ ಘೊಳ್ಳೆಂದಿತು. ನಗು ನಿಲ್ಲುವವರೆಗೆ ಕಾದು, "ಅವರು ಬಾಯಿಬಿಟ್ಟು ನನಗೆ ಇಷ್ಟರವರೆಗೆ ಎಂತದೂ ಹೇಳಿಲ್ಲ. ಆದರೆ ಆ ದಿನ ಬಿಡಲಿಲ್ಲ. ನನಗೆ ಅಷ್ಟು ಸಾಕಾಯಿತು. ಓದುವವರಿಗೂ ಸಾಕಾದೀತು ಅಂತ ಎಣಿಸಿದೆ" ಎಂದಳು. ಆಮೇಲೆ ಅವಳು ಕಂಬದ ಕಡೆ ಬೆರಳು ತೋರಿಸಿದಳು. ನೂರು ಹೆಂಗಸರು ಒಟ್ಟಿಗೆ ತಿರುಗಿದರು. ಏನು ಮಾಡಬೇಕೋ ತೋಚದೆ ಎದ್ದು ಕೈಮುಗಿದೆ.

ವಾಪಸು ರೈಲಿನಲ್ಲಿ, ಮದುವೆಯಾದಂದಿನಿಂದ ಹೇಳದೆ ಉಳಿಸಿದ್ದ ಮಾತನ್ನೆಲ್ಲ ಹೇಳಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳು ನನ್ನ ಹೆಗಲಿಗೆ ತಲೆಯಿಟ್ಟು, "ಈಗ ಎಂತದೂ ಹೇಳಬೇಡಿ. ಮತ್ತೆ, ಇದನ್ನು ಬರೆಯಬಾರದು, ಗೊತ್ತಾಯ್ತಾ?" ಎಂದು ಕಣ್ಣು ಮುಚ್ಚಿದಳು. ಕೋಟ್ಟಯಂ ದಾಟಿತು, ಕೊಲ್ಲಂ ಬಂತು, ತೋಳು ಮರಗಟ್ಟಿತು. ಹೆಗಲು ಅಲುಗಿಸಲಿಲ್ಲ.

ಅವಳ ಆ ಮಾತನ್ನು ಒಂದು ವಾರವಷ್ಟೇ ನಡೆಸಿಕೊಟ್ಟೆ. ರೈಲಿನಲ್ಲಿ ಹೆಗಲಿಗೆ ತಲೆಯಿಟ್ಟ ಆ ಚಿತ್ರವನ್ನು ಕದ್ದು ಬರೆದು ಅಂಚೆಗೆ ಹಾಕಿದೆ. ವರ್ಗೀಸರ ಉತ್ತರ ಮಲಯಾಳದಲ್ಲಿ ಬಂತು. ಅದನ್ನೂ ಅವಳೇ ಓದಬೇಕಾಯಿತು. ಅದೇ ಸಾಮಾನಿನ ಪಟ್ಟಿಯ ದನಿ. "ಹೆಗಲು ಚೆನ್ನಾಗಿ ಬಂದಿದೆ. ಆದರೆ ಹೀರೋನ ಮುಖವನ್ನು ದಯವಿಟ್ಟು ತೆಗೆಯಿರಿ. ಇಷ್ಟು ಪೆದ್ದು ಪೆದ್ದಾಗಿ ನಗುವ ಗಂಡಸು ಲೋಕದಲ್ಲಿ ಇರುವುದನ್ನು ನಮ್ಮ ಓದುಗರು ನಂಬುವುದಿಲ್ಲ."

ಆ ಮುಖವೊಂದನ್ನು ಮಾತ್ರ ನಾನು ಕನ್ನಡಿ ನೋಡಿಕೊಂಡು ಬರೆದಿದ್ದೆ.